ಸೈಕಲ್ಲಿಗೆ ಹಬ್ ಮೋಟಾರು: ತೆಂಗಿನ ಸೀಮೆಯ ಸೈಕಲ್ ಷಾಪುಗಳ ಮುಂದಿರುವ ಕೆಲಸ

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಂತಹ ಹೋಬಳಿ ಕೇಂದ್ರದಲ್ಲಿ ಸೈಕಲ್ ಷಾಪು ಎಂದರೆ ಪಂಕ್ಚರ್ ಹಾಕುವ, ಗಾಳಿ ತುಂಬುವ, ವಾಲಾಡುವ ಗಾಲಿಯ ಕಡ್ಡಿ ಬಿಗಿದು ನೇರ ಮಾಡಿಕೊಡುವ ಸ್ಥಳ. ಮೊಪೆಡ್ ಹಾಗೂ ಬೈಕುಗಳು ಹೆಚ್ಚಿದಂತೆ ಈ ಕಸುಬಿನ ವರಮಾನ ಇಳಿಯುತ್ತಲೇ ಬಂದಿದೆ. ಆದರೂ ತೋಟಕ್ಕೆ ಹೋಗಿಬರಲು, ಡೇರಿಗೆ ಹಾಲು ಮುಟ್ಟಿಸಲು, ಹತ್ತಿಪ್ಪತ್ತು ಎಳನೀರನ್ನು ರಸ್ತೆಯ ಬದಿಗೆ ಸಾಗಿಸಲು ಸೈಕಲ್ಲನ್ನೇ ನೆಚ್ಚಿದವರು ಇನ್ನೂ ಇದ್ದಾರೆ. 2006-07ನೇ ಸಾಲಿನಲ್ಲಿ ಆರಂಭವಾಗಿ ಹಲವು ವರ್ಷ ನಡೆದ ಸರ್ಕಾರದ ಯೋಜನೆಯಡಿ ಎಂಟನೇ ತರಗತಿಯ ಮಕ್ಕಳಿಗೆ ದೊರೆತ ಸೈಕಲ್ಲುಗಳೂ ಹಿತ್ತಲುಗಳಲ್ಲಿ ಉಳಿದುಕೊಂಡಿವೆ. ಇಂತಹ ಸೈಕಲ್ಲಿಗೆ ವಿದ್ಯುತ್ ಮೋಟಾರು ಕೂಡಿಸುವ ಕಿಟ್ ಈಗ ಪಾರ್ಸೆಲ್‌ನಲ್ಲಿ ಬಂದಿಳಿಯುತ್ತದೆ. ಪೆಟ್ಟಿಗೆ ಮಾರುವುದರಲ್ಲಿ ಸ್ಥಳೀಯ ವರ್ತಕನಿಗೆ ಉಳಿಯುವುದು ಅಲ್ಪ. ಅದನ್ನು ಸರಿಯಾಗಿ ಜೋಡಿಸಿ ವರ್ಷಗಟ್ಟಲೆ ನಡೆಯುವಂತೆ ನೋಡಿಕೊಳ್ಳುವುದೇ ನಿಜವಾದ ವ್ಯಾಪಾರ ಎಂಬುದು ಈ ಲೇಖನದ ಅಭಿಪ್ರಾಯ.

ಗಾಲಿಯ ನಡುವೆಯೇ ಮೋಟಾರನ್ನು ಅಡಗಿಸುವ ಕಲ್ಪನೆ ಹೊಸದೇನಲ್ಲ. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬಾತ 1895ರ ಡಿಸೆಂಬರ್ 31ರಂದೇ ಸೈಕಲ್ಲಿನ ಹಿಂದಿನ ಗಾಲಿಗೆ ಇಂತಹ ಮೋಟಾರಿನ ಪೇಟೆಂಟ್ ಪಡೆದಿದ್ದನು. ಇಂದಿನ ಹಬ್ ಮೋಟಾರುಗಳಲ್ಲಿ ಎರಡು ಬಗೆ. ಒಂದರಲ್ಲಿ ಗಾಲಿಯೊಡನೆ ಮೋಟಾರಿನ ಹೊರಕವಚ ನೇರವಾಗಿ ಸುತ್ತುತ್ತದೆ. ಸವೆಯುವ ಭಾಗಗಳು ಕಡಮೆ, ತೂಕ ಹೆಚ್ಚು, ಬ್ಯಾಟರಿ ಮುಗಿದಾಗ ಪೆಡಲ್ ತುಳಿಯುವುದು ಭಾರ. ಇನ್ನೊಂದರಲ್ಲಿ ಒಳಗೆ ನೈಲಾನ್ ಹಲ್ಲುಚಕ್ರಗಳಿದ್ದು, ಸಣ್ಣ ಮೋಟಾರು ವೇಗವಾಗಿ ಸುತ್ತಿ ಗಾಲಿಯನ್ನು ನಿಧಾನವಾಗಿ, ಹೆಚ್ಚು ಎಳೆತದಿಂದ ತಿರುಗಿಸುತ್ತದೆ. ಹೊರೆ ಹೊತ್ತು ತೋಟದ ದಾರಿಯಲ್ಲಿ ನಿಧಾನವಾಗಿ ಸಾಗುವ ನಮ್ಮ ಭಾಗದ ಬಳಕೆಗೆ ಎರಡನೆಯದೇ ಯೋಗ್ಯ.

ಅಳತೆಯಲ್ಲಿಯೇ ಮೊದಲ ತೊಡಕು

ಗಿರಾಕಿ '28 ಇಂಚಿನ ಸೈಕಲ್ಲು' ಎಂದು ಹೇಳಿ '28 ಇಂಚಿನ ಕಿಟ್' ತರಿಸಿಕೊಂಡರೆ ಕೆಲಸ ಅಲ್ಲಿಗೇ ನಿಲ್ಲುವುದುಂಟು. ನಮ್ಮ ಹಳೆಯ ಭಾರದ ಸೈಕಲ್ಲಿನ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 635 ಮಿ.ಮೀ.; ಕಿಟ್ ಮಾರುವವರು 28 ಇಂಚು ಎನ್ನುವುದು ಸಾಮಾನ್ಯವಾಗಿ 622 ಮಿ.ಮೀ. ರಿಮ್ಮಿಗೆ. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. 26 ಇಂಚಿನ ಕಥೆಯೂ ಹೀಗೆಯೇ: ಅದರಲ್ಲಿ 590 ಹಾಗೂ 559 ಎಂಬ ಎರಡು ಅಳತೆಗಳಿವೆ. ಆದುದರಿಂದ ಇಂಚಿನ ಮಾತನ್ನು ಬದಿಗಿಟ್ಟು, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 40-635, 37-590 ಎಂಬಂತಹ ಸಂಖ್ಯೆಯನ್ನು ಓದಿಯೇ ಆರ್ಡರ್ ಕೊಡತಕ್ಕದ್ದು.

ಹಳೆಯ ರಿಮ್ಮಿಗೇ ಹೊಸ ಮೋಟಾರನ್ನು ಕಡ್ಡಿ ಹಾಕಿ ಕಟ್ಟಿದರಾಗದೇ ಎಂದು ಕೇಳಬಹುದು. ಹಳೆಯ ಭಾರದ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿಗಳಿರುವುದು ರೂಢಿ. ಹಬ್ ಮೋಟಾರುಗಳಿಗೆ ಬಹುತೇಕ 36 ತೂತುಗಳು. ಲೆಕ್ಕ ಕೂಡುವುದಿಲ್ಲ. ಇದರ ಮೇಲೆ ರಾಡ್ ಬ್ರೇಕಿನ ಪ್ರಶ್ನೆ. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ಕಿಟ್‌ನೊಂದಿಗೆ ಬರುವ ಅಲ್ಯುಮಿನಿಯಂ ರಿಮ್ಮಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಬ್ರೇಕು ಹಿಡಿದೊಡನೆ ಮೋಟಾರಿಗೆ ವಿದ್ಯುತ್ ನಿಲ್ಲಿಸುವ ಸ್ವಿಚ್ಚು ಕಿಟ್‌ನ ಬ್ರೇಕ್ ಹಿಡಿಯಲ್ಲಿರುತ್ತದೆ. ರಾಡ್ ಬ್ರೇಕನ್ನು ಹಾಗೆಯೇ ಉಳಿಸಿಕೊಂಡರೆ ಆ ರಕ್ಷಣೆಯೂ ತಪ್ಪುತ್ತದೆ. ಕೇಬಲ್ ಬ್ರೇಕಿರುವ, ಉಕ್ಕಿನ ಫ್ರೇಮಿನ, 559 ಮಿ.ಮೀ. ಗಾಲಿಯ ಸೈಕಲ್ಲನ್ನು ಆರಿಸಿಕೊಂಡರೆ ಈ ಗೋಜಲುಗಳಲ್ಲಿ ಮುಕ್ಕಾಲು ಪಾಲು ಇಲ್ಲವಾಗುತ್ತವೆ. ಅಜ್ಜನ ಕಾಲದ ಸೈಕಲ್ಲಿನ ಮೇಲೆ ಗಿರಾಕಿಗಿರುವ ಮಮತೆ ಅರ್ಥವಾಗುವಂತಹುದೇ. ಆದರೆ ಗಾಲಿ, ಬ್ರೇಕು ಎರಡನ್ನೂ ಬದಲಿಸಲು ಒಪ್ಪದಿದ್ದರೆ ಆ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಲೇಸು.

ಮೋಟಾರು ಮುಂದಿನ ಗಾಲಿಗೋ ಹಿಂದಿನದಕ್ಕೋ? ಮುಂದೆ ಕೂರಿಸುವುದು ಸುಲಭ. ಆದರೆ ಒಂದು ಎಳನೀರು ಒಂದೂವರೆ ಕಿಲೋ ಎಂದಿಟ್ಟುಕೊಂಡರೂ 40 ಕಾಯಿಗೆ 60 ಕಿಲೋ ಹೊರೆ ಹಿಂದಿನ ಕ್ಯಾರಿಯರ್ ಮೇಲೆ ಬೀಳುತ್ತದೆ; ಏರಿನಲ್ಲಿ ಮುಂದಿನ ಗಾಲಿ ಹಗುರವಾಗಿ, ಸಡಿಲ ಮಣ್ಣಿನಲ್ಲಿ ಇದ್ದಲ್ಲಿಯೇ ಸುತ್ತುತ್ತದೆ. ಹೊರೆ ಸಾಗಿಸುವವರಿಗೆ ಹಿಂದಿನ ಗಾಲಿಯೇ ಸರಿ. ಅದಕ್ಕೆ ಸಾಮಾನ್ಯವಾಗಿ 135 ಮಿ.ಮೀ. ಅಂತರ ಬೇಕು, ಹಳೆಯ ಫ್ರೇಮುಗಳಲ್ಲಿ ಇದು ಕಡಮೆಯಿರುವುದರಿಂದ ಮೊದಲೇ ಅಳೆದು ನೋಡಬೇಕು.

ಆಕ್ಸಲ್ ಜಾರಿದರೆ

ಸಾಮಾನ್ಯ ಸೈಕಲ್ಲಿನ ಆಕ್ಸಲ್‌ಗೆ ಭಾರ ಹೊರುವುದಷ್ಟೇ ಕೆಲಸ. ಹಬ್ ಮೋಟಾರಿನಲ್ಲಿ ಹಾಗಲ್ಲ. ಗಾಲಿಯನ್ನು ಮುಂದಕ್ಕೆ ತಿರುಗಿಸುವಷ್ಟೇ ಬಲದಿಂದ ಮೋಟಾರು ಆಕ್ಸಲನ್ನು ಹಿಂದಕ್ಕೆ ತಿರುಚುತ್ತದೆ. 40 ನ್ಯೂಟನ್ ಮೀಟರ್ ತಿರುಚು ಬಲವನ್ನು 10 ಮಿ.ಮೀ. ಅಗಲದ ಆಕ್ಸಲ್ ಚಪ್ಪಟೆಗಳು ತಡೆಯಬೇಕಾದಾಗ ಫ್ರೇಮಿನ ಸೀಳಿನ ಅಂಚಿನ ಮೇಲೆ ಸುಮಾರು 400 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ನಟ್ಟು ತುಸು ಸಡಿಲವಾದರೆ ಆಕ್ಸಲ್ ಸೀಳನ್ನು ಅಗಲಿಸಿ ತಿರುಗುತ್ತದೆ, ತಂತಿಗಳು ಸುತ್ತಿಕೊಂಡು ಹರಿಯುತ್ತವೆ. ಮೋಟಾರು ಮುಂದಿದ್ದರೆ ಗಾಲಿಯೇ ಕಳಚಿ ಸವಾರ ಮುಖ ಅಡಿಯಾಗಿ ಬೀಳುತ್ತಾನೆ.

ಇದಕ್ಕೆ ಪರಿಹಾರ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ. ಆಕ್ಸಲ್‌ನ ಚಪ್ಪಟೆಯನ್ನು ಬಿಗಿಯಾಗಿ ಕಚ್ಚಿಕೊಂಡು, 10 ಸೆಂ.ಮೀ. ದೂರದಲ್ಲಿ ಫ್ರೇಮಿಗೆ ಕಟ್ಟಿದ ಪಟ್ಟಿ ಅದೇ ಬಲವನ್ನು 40 ಕಿಲೋಗೆ ಇಳಿಸುತ್ತದೆ. ಎಷ್ಟೋ ಅಗ್ಗದ ಕಿಟ್‌ಗಳಲ್ಲಿ ಇದು ಇರುವುದೇ ಇಲ್ಲ. ಊರಿನ ವೆಲ್ಡಿಂಗ್ ಷಾಪಿನಲ್ಲಿ ದಪ್ಪ ಉಕ್ಕಿನ ತಗಡಿನಿಂದ ಮಾಡಿಸಬಹುದು. ಕಚ್ಚುವ ಬಾಯಿ ಸಡಿಲವಿರಬಾರದು ಎಂಬುದೊಂದೇ ಷರತ್ತು. ಷಾಪಿನವರು ಇದನ್ನು ಗಿರಾಕಿಯ ಆಯ್ಕೆಗೆ ಬಿಡದೆ, ಜೋಡಣೆಯ ಬೆಲೆಯಲ್ಲಿಯೇ ಸೇರಿಸುವುದು ಉತ್ತಮ. ಆಕ್ಸಲ್ ಹಿಡಿಸಲೆಂದು ಫೋರ್ಕಿನ ಸೀಳನ್ನು ಅರದಿಂದ ಉಜ್ಜಿ ತೆಳುವಾಗಿಸುವ ಅಭ್ಯಾಸ ಬಹಳ ಅಪಾಯಕಾರಿ.

ಅಟ್ಟದ ಕೊಬ್ಬರಿ ಮತ್ತು ಕೆಳಗಿನ ಚಾರ್ಜರು

ಕಿಟ್‌ನೊಂದಿಗೆ ಬರುವ ಸೂಚನಾ ಪತ್ರಗಳು ನಮ್ಮ ಸೀಮೆಯ ಮನೆಗಳನ್ನು ಕಂಡವರು ಬರೆದವಲ್ಲ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಲು ಬಿಡುವುದು ಇಲ್ಲಿನ ಪದ್ಧತಿ. ಅಂದರೆ ಒಣಗಿದ ಸಿಪ್ಪೆ, ನಾರು, ಎಣ್ಣೆಯಂಶ ತುಂಬಿದ ಕೊಬ್ಬರಿ ಎಲ್ಲವೂ ತಲೆಯ ಮೇಲೆಯೇ. ಅಂತಾರಾಷ್ಟ್ರೀಯ ಸಾಗಣೆ ನಿಯಮಗಳಲ್ಲಿ ಕೊಬ್ಬರಿಯು ತಾನಾಗಿಯೇ ಕಾವೇರಿ ಉರಿಯಬಲ್ಲ ಸರಕುಗಳ ವರ್ಗಕ್ಕೆ ಸೇರಿದೆ. ಅದಕ್ಕೆ ವಿಶ್ವಸಂಸ್ಥೆಯ 1363 ಎಂಬ ಸಂಖ್ಯೆಯೂ ಇದೆ. ಇಂತಹ ಅಟ್ಟದ ಕೆಳಗೆ ರಾತ್ರಿಯಿಡೀ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗುವುದು ವರ್ಷದ ದುಡಿಮೆಯನ್ನು ಪಣಕ್ಕಿಟ್ಟಂತೆಯೇ ಸರಿ. 2025ರ ಹಂಗಾಮಿನ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 12,100 ರೂಪಾಯಿಯಂತೆ ಲೆಕ್ಕ ಹಾಕಿದರೂ 10 ಕ್ವಿಂಟಲ್ ಎಂದರೆ 1,21,000 ರೂಪಾಯಿ. ಆ ವರ್ಷ ತಿಪಟೂರಿನ ಹರಾಜಿನ ಧಾರಣೆ ಅದಕ್ಕಿಂತ ಬಹಳ ಮೇಲಿತ್ತು. ಅದೇ ಸೂರಿನಡಿ ಮಲಗಿರುವವರ ಜೀವಕ್ಕೆ ಇಂತಹ ಲೆಕ್ಕವೇ ಇಲ್ಲ.

ಇದು ಅನಗತ್ಯ ಭಯವಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರಲ್ಲಿ ಲಿಥಿಯಂ ಬ್ಯಾಟರಿಗಳಿಂದ 268 ಬೆಂಕಿ ಪ್ರಕರಣಗಳು ಸಂಭವಿಸಿ 18 ಮಂದಿ ಮೃತಪಟ್ಟರು. ನಮ್ಮಲ್ಲಿಯೂ 2022ರಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಪ್ರಕರಣಗಳ ನಂತರ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಲಾಯಿತು. ಆದರೆ ಅದು ಮೋಟಾರು ವಾಹನಗಳಿಗೆ ಸಂಬಂಧಿಸಿದ್ದು; ಸೈಕಲ್ ಕಿಟ್‌ನೊಂದಿಗೆ ಬಿಡಿಯಾಗಿ ಮಾರಾಟವಾಗುವ ಬ್ಯಾಟರಿಯ ಗುಣಮಟ್ಟವನ್ನು ವರ್ತಕನೇ ವಿಚಾರಿಸಿಕೊಳ್ಳಬೇಕಾಗುತ್ತದೆ.

36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 360 ವ್ಯಾಟ್ ಅವರ್ ಶಕ್ತಿಯಿದ್ದು, ಪೆಡಲ್ ತುಳಿಯುತ್ತ ಸಾಗಿದರೆ 25ರಿಂದ 35 ಕಿ.ಮೀ. ಓಟ ಸಿಗುತ್ತದೆ. ಒಮ್ಮೆ ತುಂಬಲು ಅರ್ಧ ಯೂನಿಟ್ ವಿದ್ಯುತ್ ಕೂಡ ಬೇಡ; 2 ಆಂಪಿಯರ್ ಚಾರ್ಜರಿನಲ್ಲಿ ಐದಾರು ಗಂಟೆ ಸಾಕು. ಅಂದರೆ ಹಗಲಿನಲ್ಲಿ, ಮನೆಯವರು ಎಚ್ಚರವಿರುವಾಗ, ಜಗಲಿಯ ಸಿಮೆಂಟು ನೆಲದ ಮೇಲೆ, ನೆರಳಿನಲ್ಲಿ ಚಾರ್ಜು ಮಾಡಲು ಅಡ್ಡಿಯೇನೂ ಇಲ್ಲ. ಕೊಬ್ಬರಿ ಮನೆಗಳಿಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹೆಚ್ಚು ಸೂಕ್ತ: ತೂಕ ತುಸು ಹೆಚ್ಚಾದರೂ ಕಾವಿಗೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಬಾಳಿಕೆಯೂ ಅಧಿಕ. ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಲಿಥಿಯಂ 36 ವೋಲ್ಟ್ ಬ್ಯಾಟರಿ ತುಂಬಿದಾಗ 42 ವೋಲ್ಟ್. 12 ಸೆಲ್ಲುಗಳ ಫಾಸ್ಫೇಟ್ ಬ್ಯಾಟರಿ 43.8 ವೋಲ್ಟ್. ಪಿನ್ನು ಕೂರುತ್ತದೆಂದು ಒಂದರ ಚಾರ್ಜರನ್ನು ಇನ್ನೊಂದಕ್ಕೆ ಹಾಕಬಾರದು. ಚಾರ್ಜರಿನ ಮೇಲೆಯೂ ಬ್ಯಾಟರಿಯ ಮೇಲೆಯೂ ಬಣ್ಣದಲ್ಲಿ ಸಂಖ್ಯೆ ಬರೆದುಕೊಡುವುದು ಐದು ನಿಮಿಷದ ಕೆಲಸ.

ರಿಪೇರಿಗೆ ಬಂದಾಗ

ಮೋಟಾರು ಸುಟ್ಟುಹೋಯಿತೆಂದು ಬರುವ ಸೈಕಲ್ಲುಗಳಲ್ಲಿ ತೊಂದರೆ ಹೆಚ್ಚಾಗಿ ಬೇರೆಡೆ ಇರುತ್ತದೆ: ಕಚ್ಚು ಬಿಟ್ಟ ಕನೆಕ್ಟರು, ನೀರು ಹೊಕ್ಕ ಬ್ರೇಕ್ ಸ್ವಿಚ್ಚು, ಪೆಡಲ್ ಬಳಿ ಸರಿದ ಸೆನ್ಸಾರು. ಮೊದಲು ಬ್ರೇಕ್ ಸ್ವಿಚ್ಚಿನ ತಂತಿ ಬಿಡಿಸಿ ನೋಡಬೇಕು. ಗಾಲಿ ತಿರುಗಿಸಿದಾಗ ತಡೆತಡೆದು ಬಿಗಿಯೆನಿಸಿದರೆ ಮೋಟಾರಿನ ಮೂರು ದಪ್ಪ ತಂತಿಗಳನ್ನು ಕಂಟ್ರೋಲರಿನಿಂದ ಬೇರ್ಪಡಿಸಬೇಕು. ಒಳಗೆ ಹಲ್ಲುಚಕ್ರವಿರುವ ಮೋಟಾರಾದರೆ ಗಾಲಿಯನ್ನು ಹಿಂದಕ್ಕೆ ತಿರುಗಿಸಿ ನೋಡಬೇಕು. ಬಿಗಿ ಹೋದರೆ ಕೆಟ್ಟಿರುವುದು ಕಂಟ್ರೋಲರು, ಮೋಟಾರಲ್ಲ. ಎರಡರ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಈ ಒಂದು ಪರೀಕ್ಷೆಯೇ ಷಾಪಿಗೆ ನಂಬಿಕೆ ಗಳಿಸಿಕೊಡುತ್ತದೆ.

ಮಳೆಗಾಲದಲ್ಲಿ ನೀರು ತಂತಿಯ ಜಾಡು ಹಿಡಿದು ಹಬ್‌ನೊಳಗೆ ಇಳಿಯುತ್ತದೆ. ತಂತಿಯನ್ನು ಆಕ್ಸಲ್‌ಗಿಂತ ಕೆಳಕ್ಕೆ ಬಳಸಿ ಮೇಲೆ ಒಯ್ದರೆ ಹನಿ ಬಳುಕಿನಲ್ಲಿಯೇ ತೊಟ್ಟಿಕ್ಕುತ್ತದೆ. ಪಂಪಿನ ನೀರಿನ ರಭಸಕ್ಕೆ ಹಬ್ಬನ್ನು ಒಡ್ಡಿ ತೊಳೆಯಕೂಡದು. ಹೊಸ ಗಾಲಿಯ ಕಡ್ಡಿಗಳನ್ನು ಮೊದಲ 100 ಕಿ.ಮೀ. ಆದೊಡನೆ ಮತ್ತೆ ಬಿಗಿಯಬೇಕು. ಕಡ್ಡಿ ಗಿಡ್ಡವಿರುವುದರಿಂದ ಸಡಿಲ ಬಿಟ್ಟರೆ ಕತ್ತಿನಲ್ಲಿ ಮುರಿಯುತ್ತವೆ. ನೈಲಾನ್ ಹಲ್ಲುಚಕ್ರಗಳಿಗೆ ವರ್ಷಕ್ಕೊಮ್ಮೆ ಗ್ರೀಸು.

ಕಾನೂನು, ತೆರಿಗೆ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, 30 ನಿಮಿಷಗಳ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಮೆಯಿದ್ದು, ಗಂಟೆಗೆ 25 ಕಿ.ಮೀ. ವೇಗದೊಳಗೆ ಮೋಟಾರಿನ ನೆರವು ನಿಲ್ಲುವ ಪೆಡಲ್ ಸೈಕಲ್ಲು, ಅಧಿಕೃತ ಪರೀಕ್ಷಾ ಸಂಸ್ಥೆಯ ಮಾನ್ಯತೆ ಪಡೆದಿದ್ದಲ್ಲಿ, ಮೋಟಾರು ವಾಹನವೆನಿಸುವುದಿಲ್ಲ. 500 ಅಥವಾ 1000 ವ್ಯಾಟ್ ಕಿಟ್ ಹಾಕಿ 'ಲೈಸೆನ್ಸ್ ಬೇಡ' ಎಂದು ಮಾರುವುದು ಗಿರಾಕಿಗೆ ಮಾಡುವ ಮೋಸ; ಅಪಘಾತವಾದಾಗ ವಿಮೆಯಿಲ್ಲದ ವಾಹನದ ಹೊಣೆ ಅವನ ಮೇಲೆ ಬೀಳುತ್ತದೆ. ಕಿಟ್ ತರಿಸುವಾಗ ಪರೀಕ್ಷಾ ಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕು.

ತೆರಿಗೆಯ ವಿಷಯದಲ್ಲಿ ವಿಚಿತ್ರವೊಂದಿದೆ. ಕಾರ್ಖಾನೆಯಿಂದಲೇ ಪೂರ್ಣವಾಗಿ ಬರುವ ವಿದ್ಯುತ್ ವಾಹನಕ್ಕೆ 2019ರ ಆಗಸ್ಟ್ 1ರಿಂದ ಶೇ. 5 ಜಿಎಸ್‌ಟಿ. ಬಿಡಿಯಾಗಿ ಕೊಳ್ಳುವ ಮೋಟಾರಿಗೂ ಲಿಥಿಯಂ ಬ್ಯಾಟರಿಗೂ ಶೇ. 18. ಹಳೆಯ ಸೈಕಲ್ಲಿಗೆ ಮರುಜೀವ ಕೊಡುವವನು ಹೊಸತು ಕೊಳ್ಳುವವನಿಗಿಂತ ಹೆಚ್ಚಿನ ದರದಲ್ಲಿ ತೆರಿಗೆ ತೆರುತ್ತಾನೆ. ವಾಣಿಜ್ಯ ಸಂಸ್ಥೆಗಳು ಈ ವಿಷಯವನ್ನು ಜಿಎಸ್‌ಟಿ ಮಂಡಳಿಯ ಗಮನಕ್ಕೆ ತರುವುದು ಸೂಕ್ತ.

ಸವೆದ ಬ್ಯಾಟರಿಯನ್ನು ಗುಜರಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಹಿಂಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹಿಂಪಡೆಯುವವರ ವಿಳಾಸವನ್ನು ಖರೀದಿಯ ದಿನವೇ ಬಿಲ್ಲಿನ ಮೇಲೆ ಬರೆಸಿಕೊಂಡಿರಬೇಕು. ಉಬ್ಬಿದ ಬ್ಯಾಟರಿ ಷಾಪಿಗೆ ಬಂದರೆ ಅದನ್ನು ಕಳುಹಿಸುವವರೆಗೆ ಟೈರು, ಟ್ಯೂಬುಗಳಿಂದ ದೂರ, ಹೊರಗಡೆ ಮರಳು ತುಂಬಿದ ಕಬ್ಬಿಣದ ಬಾನಿಯಲ್ಲಿ ಇಡತಕ್ಕದ್ದು.