ಮಿದುಳಿನ ಅರೆನೆರಳು

ಪಾರ್ಶ್ವವಾಯು ಎಂಬ ಹೆಸರನ್ನಿಟ್ಟವರು ರೋಗಿಯ ಮೈಯನ್ನು ನೋಡಿ ಇಟ್ಟರು. ಒಂದು ಪಾರ್ಶ್ವದ ಕೈಕಾಲು ಸೋತು ಬೀಳುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಅದನ್ನು ವಾಯುವಿನ ಪ್ರಕೋಪವೆಂದು ಅವರು ತಿಳಿದುದು ಸಹಜವೇ. ಲಕ್ವ ಹೊಡೆಯಿತು ಎಂಬ ಮನೆಮಾತಿನಲ್ಲಿಯೂ ಹೊರಗಿನಿಂದ ಯಾವುದೋ ಪೆಟ್ಟು ಬಿದ್ದಿತೆಂಬ ಭಾವನೆ ಇದೆ. ಆದರೆ ಬಲಗೈ ಸೋತಿದ್ದರೆ ಪೆಟ್ಟು ಬಿದ್ದಿರುವುದು ಸಾಮಾನ್ಯವಾಗಿ ಮಿದುಳಿನ ಎಡಭಾಗಕ್ಕೆ. ಅಲ್ಲಿಯ ರಕ್ತನಾಳವೊಂದು ಒಡೆದಿರಬಹುದು. ಅದಕ್ಕಿಂತ ಹೆಚ್ಚು ಸಲ, ರಕ್ತದ ಹೆಪ್ಪೊಂದು ನಾಳದಲ್ಲಿ ಸಿಕ್ಕಿಕೊಂಡು ದಾರಿಯನ್ನು ಕಟ್ಟಿರುತ್ತದೆ. ಈ ಎರಡನೆಯ ಬಗೆಯದೇ ಇಲ್ಲಿಯ ಪ್ರಸ್ತಾಪ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ೨ ಪಾಲು ಮಾತ್ರ. ದೇಹಕ್ಕೆ ಬರುವ ಆಮ್ಲಜನಕದಲ್ಲಿ ಅದು ಕಬಳಿಸುವುದು ನೂರಕ್ಕೆ ೨೦ ಪಾಲು! ಇಷ್ಟು ಹಸಿವಿನ ಈ ಅಂಗಕ್ಕೆ ಉಗ್ರಾಣವೆಂಬುದಿಲ್ಲ. ಅಂದಂದಿನ ರಕ್ತದಲ್ಲಿ ಬಂದುದನ್ನು ಅಂದಂದೇ ಉಣ್ಣಬೇಕು. ಅಮೆರಿಕದ ನರವೈದ್ಯ ಜೆಫ್ರಿ ಸೇವರ್ ೨೦೦೬ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ದೊಡ್ಡ ನಾಳವೊಂದು ಮುಚ್ಚಿಕೊಂಡು, ಚಿಕಿತ್ಸೆಯೂ ದೊರೆಯದೆ ಹೋದರೆ, ನಿಮಿಷಕ್ಕೆ ಸರಾಸರಿ ೧೯ ಲಕ್ಷ ನರಕೋಶಗಳು ನಾಶವಾಗುತ್ತವೆ. ಕೇಳಿದವರ ಎದೆ ಝಲ್ಲೆನ್ನಿಸುವ ಈ ಲೆಕ್ಕದೊಳಗೇ ಒಂದು ಆಶೆಯೂ ಅಡಗಿದೆ. ನಿಮಿಷಕ್ಕೆ ಇಷ್ಟೆಂದು ಸಾಯುತ್ತವೆಯೆಂದರೆ, ಎಲ್ಲವೂ ಒಮ್ಮೆಗೇ ಸಾಯುವುದಿಲ್ಲ ಎಂದೇ ಅರ್ಥವಲ್ಲವೆ?

ಇದನ್ನು ಅಳೆದು ತೋರಿಸಿದ ಕೆಲಸ ಬಹುಮಟ್ಟಿಗೆ ಲಂಡನ್ನಿನಲ್ಲಿ ನಡೆಯಿತು. ಶಸ್ತ್ರವೈದ್ಯ ಲಿಂಡ್ಸೆ ಸೈಮನ್ ಮತ್ತು ಸಂಗಡಿಗರು ೧೯೭೦ರ ದಶಕದಲ್ಲಿ ಬಬೂನ್ ಕೋತಿಗಳ ಮಿದುಳಿನ ರಕ್ತಪ್ರವಾಹವನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತ ಏನಾಗುವುದೆಂದು ನೋಡಿದರು. ಆರೋಗ್ಯವಂತ ಮನುಷ್ಯನ ಮಿದುಳಿನ ಪ್ರತಿ ೧೦೦ ಗ್ರಾಮಿಗೆ ನಿಮಿಷಕ್ಕೆ ಸುಮಾರು ೫೦ ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು ಸುಮಾರು ೨೦ಕ್ಕಿಂತ ಕೆಳಗಿಳಿದಾಗ ನರಕೋಶಗಳು ವಿದ್ಯುತ್ ಸಂಕೇತಗಳನ್ನು ನಿಲ್ಲಿಸಿ ಮೌನವಾಗುತ್ತವೆ. ಸುಮಾರು ೧೦ಕ್ಕಿಂತಲೂ ಇಳಿದರೆ ಕೋಶದ ಗೋಡೆಯಲ್ಲಿರುವ ಪಂಪುಗಳೇ ಕೆಟ್ಟು, ಒಳಗಿರಬೇಕಾದ ಪೊಟ್ಯಾಸಿಯಂ ಹೊರಕ್ಕೂ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಕ್ಕೂ ನುಗ್ಗುತ್ತವೆ; ಅನಂತರ ಉಳಿಗಾಲವಿಲ್ಲ. ಈ ಎರಡು ಮಟ್ಟಗಳ ನಡುವೆ ಇರುವ ಕೋಶ ಕೆಲಸ ಮಾಡುವುದಿಲ್ಲ, ಆದರೆ ಸತ್ತಿಯೂ ಇಲ್ಲ. ರಕ್ತ ಮರಳಿ ಬಂದರೆ ಅದು ಎಚ್ಚತ್ತುಕೊಳ್ಳಬಲ್ಲುದು. ಸೈಮನ್ ಹಾಗೂ ಅವರ ಸ್ಕ್ಯಾಂಡಿನೇವಿಯದ ಸಹೋದ್ಯೋಗಿಗಳು ೧೯೮೧ರಲ್ಲಿ ಈ ವಲಯದ ಕುರಿತು ಬರೆಯುವಾಗ ಗ್ರಹಣದ ಮಾತನ್ನೇ ಎರವಲು ಪಡೆದು ಅದನ್ನು ‘ಅರೆನೆರಳು’ ಎಂದರು. ನಡುವೆ ಕಾರ್ಗತ್ತಲು, ಅದರ ಸುತ್ತ ಮಬ್ಬುಗತ್ತಲು. ಸೊಗಸಾದ ಹೆಸರು, ಇಷ್ಟು ಒಪ್ಪುವ ಹೆಸರುಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಚಿಕಿತ್ಸೆಯೆಲ್ಲ ಈ ಅರೆನೆರಳಿಗಾಗಿಯೇ. ಹೆಪ್ಪನ್ನು ಕರಗಿಸುವ ಔಷಧಿಯನ್ನು ೩ ಗಂಟೆಗಳೊಳಗೆ ಚುಚ್ಚಿದರೆ ಪ್ರಯೋಜನವುಂಟೆಂದು ೧೯೯೫ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ೨೦೦೮ರಲ್ಲಿ ಯೂರೋಪಿನ ಪರೀಕ್ಷೆಯೊಂದು ಆ ಗಡುವನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಸತ್ತುಹೋದ ಭಾಗಕ್ಕೆ ತಡವಾಗಿ ರಕ್ತ ಹರಿಸಿದರೆ ಅಲ್ಲಿಯೇ ರಕ್ತಸ್ರಾವವಾಗುವ ಭಯವಿದೆ. ಗಡುವು ಬೇಕಾದುದು ಅದಕ್ಕಾಗಿ. ರೋಗಿಯನ್ನು ಕರೆತಂದವರನ್ನು ‘ಇವರು ಸರಿಯಾಗಿದ್ದುದನ್ನು ಕೊನೆಯ ಬಾರಿ ನೋಡಿದ್ದು ಯಾವಾಗ?’ ಎಂದು ವೈದ್ಯರು ಮತ್ತೆ ಮತ್ತೆ ಕೇಳುವುದೂ ಇದಕ್ಕಾಗಿಯೇ. ರಾತ್ರಿ ಚೆನ್ನಾಗಿ ಮಲಗಿ, ಬೆಳಗ್ಗೆ ಕೈ ಎತ್ತಲಾರದೆ ಎದ್ದವರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವೇ ಸಿಕ್ಕುತ್ತಿರಲಿಲ್ಲ. ೨೦೧೮ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳು ಇಲ್ಲಿ ದಾರಿ ತೆರೆದವು. ಚಿತ್ರ ತೆಗೆದು ನೋಡಿ, ಉಳಿಸಬಹುದಾದ ಭಾಗ ಇನ್ನೂ ಸಾಕಷ್ಟಿದೆಯೆಂದು ಕಂಡುಬಂದ ರೋಗಿಗಳಲ್ಲಿ, ನಾಳದೊಳಗೆ ಸಣ್ಣ ನಳಿಕೆಯನ್ನು ಕಳುಹಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ ಒಂದರಲ್ಲಿ ೧೬, ಇನ್ನೊಂದರಲ್ಲಿ ೨೪ ಗಂಟೆಗಳವರೆಗೂ ಫಲ ಕೊಟ್ಟಿತು. ಗಡಿಯಾರಕ್ಕಿಂತ ಅರೆನೆರಳಿನ ಗಡಿಯೇ ಮುಖ್ಯವಾಯಿತು.

ಹಾಗಾದರೆ ಆ ಗಡಿಯಲ್ಲಿ ಕೋಶಗಳು ಸಾಯುವುದಾದರೂ ಹೇಗೆ? ಅವನ್ನು ಔಷಧಿ ಕೊಟ್ಟು ಕಾಪಾಡಲಾಗದೆ? ಈ ಪ್ರಶ್ನೆಯ ಇತಿಹಾಸ ಅಷ್ಟೇನೂ ಸಂತೋಷದ್ದಲ್ಲ. ೨೦೦೬ರ ಒಂದು ಸಮೀಕ್ಷೆ ಅದುವರೆಗೆ ಪ್ರಯೋಗಗಳಲ್ಲಿ ಪರೀಕ್ಷಿಸಿದ ೧,೦೨೬ ಚಿಕಿತ್ಸೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಇಲಿಗಳ ಮಿದುಳನ್ನು ಉಳಿಸಿದವು ಅವುಗಳಲ್ಲಿ ಬೇಕಾದಷ್ಟಿದ್ದುವು. ಮನುಷ್ಯನ ನರಕೋಶಗಳನ್ನು ಹಾಗೆ ಕಾಪಾಡುವುದೆಂದು ನಿಸ್ಸಂದೇಹವಾಗಿ ತೋರಿದುದು ಒಂದೂ ಇರಲಿಲ್ಲ. ಆ ಅಂಚಿನಲ್ಲಿ ನಡೆಯುವ ರಸಾಯನದ ವ್ಯವಹಾರ ಸರಿಯಾಗಿ ತಿಳಿಯದಿರುವುದು ಈ ಸೋಲಿಗೆ ಒಂದು ಕಾರಣ.

ನೋಡುವ ಸಾಧನಗಳಿಲ್ಲದೆ ಇಲ್ಲ. ಆಸ್ಪತ್ರೆಯ ಎಂ.ಆರ್.ಐ. ಯಂತ್ರ ಇಡೀ ಮಿದುಳನ್ನು ತೋರಿಸುತ್ತದೆ. ಒಂದೊಂದು ಕೋಶವನ್ನು ತೋರಿಸಲಾರದು. ಸೂಕ್ಷ್ಮದರ್ಶಕ ಕೋಶವನ್ನು ತೋರಿಸುತ್ತದೆ. ಆದರೆ ಮೊದಲು ಬಣ್ಣ ಹಾಕಬೇಕು, ಬಣ್ಣ ಹಿಡಿಯುವ ವಸ್ತು ಮಾತ್ರ ಕಾಣುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಮಿದುಳಿನ ತುಣುಕನ್ನು ಮದ್ಯಸಾರ ಮೊದಲಾದ ದ್ರವಗಳಲ್ಲಿ ಅದ್ದುವುದರಿಂದ ಕೊಬ್ಬಿನ ಅಂಶ ಕರಗಿಹೋಗುತ್ತದೆ, ಲವಣಗಳು ತೊಳೆದುಹೋಗುತ್ತವೆ. ಕಳ್ಳನನ್ನು ಹುಡುಕುವ ಮೊದಲೇ ಮನೆಯನ್ನು ಗುಡಿಸಿ ಸಾರಿಸಿದಂತೆ!

ಇಲ್ಲಿ ನೆರವಿಗೆ ಬಂದುದು ರೋಹಿತಶಾಸ್ತ್ರ, ಎಂದರೆ ಬೆಳಕನ್ನು ಬಿಡಿಸಿ ನೋಡುವ ವಿದ್ಯೆ. ಖಗೋಳಜ್ಞ ವಿಲಿಯಂ ಹರ್ಷೆಲ್ ೧೮೦೦ರಲ್ಲಿ ಇಂಗ್ಲೆಂಡಿನಲ್ಲಿ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಕೆಂಪು ಬಣ್ಣದ ಆಚೆಗೆ, ಏನೂ ಕಾಣದೆಡೆಯಲ್ಲಿ ಉಷ್ಣಮಾಪಕವನ್ನಿಟ್ಟ, ಪಾದರಸ ಏರಿತು. ಆ ಕಾಣದ ಬೆಳಕೇ ಅವಕೆಂಪು ಕಿರಣ. ಪ್ರತಿಯೊಂದು ಅಣುವೂ ತನ್ನದೇ ಆದ ಲಯದಲ್ಲಿ ಕಂಪಿಸುತ್ತಿರುತ್ತದೆ. ತನ್ನ ಲಯಕ್ಕೆ ಹೊಂದಿದ ಅವಕೆಂಪು ಕಿರಣವನ್ನು ಅದು ಹೀರಿಕೊಳ್ಳುತ್ತದೆ. ಪ್ರೋಟೀನು ಸುಮಾರು ೬ ಮೈಕ್ರಾನ್ ಅಲೆಯುದ್ದದ ಕಿರಣವನ್ನು ಬಲವಾಗಿ ಹೀರಿದರೆ, ಕೊಬ್ಬಿನ ಉದ್ದನೆಯ ಸರಪಣಿಗಳು ಮೂರೂವರೆ ಮೈಕ್ರಾನಿನ ಬಳಿ ಹೀರುತ್ತವೆ. ಬಣ್ಣ ಹಾಕುವ ಅಗತ್ಯವೇ ಇಲ್ಲ; ಯಾವ ಕಿರಣ ಎಷ್ಟು ಮಾಯವಾಯಿತೆಂದು ನೋಡಿದರೆ ಅಲ್ಲಿ ಏನಿದೆಯೆಂದು ತಿಳಿಯುತ್ತದೆ. ಅಣುಗಳ ಇದೇ ಕಂಪನವನ್ನು ಚದರಿದ ಬೆಳಕಿನ ಬಣ್ಣ ಬದಲಾಗುವುದರಿಂದಲೂ ಓದಬಹುದೆಂದು ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದವರು, ಮುಂದೆ ಬೆಂಗಳೂರನ್ನೇ ಮನೆಮಾಡಿಕೊಂಡ ಸರ್ ಸಿ. ವಿ. ರಾಮನ್. ಬೆನ್ಜೀನಿನಂತಹ ದ್ರವಗಳನ್ನು ಬುಡ್ಡಿಯಲ್ಲಿಟ್ಟು ಅಂದು ನೋಡಿದ ಪರಿಣಾಮವನ್ನು ಇಂದು ಮಿದುಳಿನ ತುಣುಕಿನಲ್ಲಿ ನೋಡುತ್ತಾರೆ.

ಈ ವಿದ್ಯೆಗಳನ್ನೆಲ್ಲ ಒಂದೆಡೆ ಕೂಡಿಸಿದ ಸಂಶೋಧನೆ ೨೦೧೬ರಲ್ಲಿ ಕೆನಡದ ಸಸ್ಕಟೂನ್ ನಗರದಿಂದ ಪ್ರಕಟವಾಯಿತು. ಅಲ್ಲಿಯ ವಿಶ್ವವಿದ್ಯಾನಿಲಯದ ಆವರಣದಲ್ಲಿ ೨೦೦೪ರಲ್ಲಿ ತೆರೆದ ಸಿಂಕ್ರೋಟ್ರಾನ್ ಇದೆ. ೧೭೧ ಮೀಟರ್ ಸುತ್ತಳತೆಯ ಉಂಗುರದಲ್ಲಿ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ, ಅವು ತಿರುವಿನಲ್ಲಿ ಚೆಲ್ಲುವ ಪ್ರಖರ ಬೆಳಕನ್ನು ಹಿಡಿಯುವ ಯಂತ್ರ ಅದು. ಸಂಶೋಧಕರು ಇಲಿಯ ರಕ್ತಕ್ಕೆ ರೋಸ್ ಬೆಂಗಾಲ್ ಎಂಬ ಬಣ್ಣವನ್ನು ಸೇರಿಸಿ, ತಲೆಬುರುಡೆಯ ಒಂದು ಸಣ್ಣ ಜಾಗಕ್ಕೆ ಬೆಳಕು ಬಿಟ್ಟರು. ಬೆಳಕು ಬಿದ್ದಲ್ಲಿ ಮಾತ್ರ ರಕ್ತ ಹೆಪ್ಪುಗಟ್ಟಿತು. ಬೇಕಾದ ಜಾಗದಲ್ಲಿ, ಬೇಕಾದಷ್ಟೇ ಪಾರ್ಶ್ವವಾಯು. ಬಳಿಕ ಮಿದುಳನ್ನು ಹೆಪ್ಪುಗಟ್ಟಿಸಿ, ಕೂದಲೆಳೆಗಿಂತ ತೆಳುವಾಗಿ ಕೊಯ್ದರು. ಆ ಪದರದ ಮೇಲೆ ಚುಕ್ಕೆಯ ಪಕ್ಕದಲ್ಲಿ ಚುಕ್ಕೆಯಂತೆ ಸಾವಿರಾರು ಕಡೆ ರೋಹಿತವನ್ನು ಹಿಡಿದರೆ, ಒಂದೊಂದು ವಸ್ತುವಿಗೂ ಒಂದೊಂದು ಭೂಪಟ ಸಿದ್ಧವಾಗುತ್ತದೆ. ಅವಕೆಂಪು ಕಿರಣ ಪ್ರೋಟೀನು, ಕೊಬ್ಬುಗಳನ್ನು ಬರೆದುಕೊಡುತ್ತದೆ. ಪ್ರೋಟೀನಿನ ಎಳೆ ತನ್ನ ಮಡಿಕೆ ಕೆಟ್ಟು ಗಂಟುಗಂಟಾದರೆ ಅದು ಹೀರುವ ಅಲೆಯುದ್ದ ಕೊಂಚ ಸರಿಯುವುದರಿಂದ ಆ ಕೇಡೂ ಗೊತ್ತಾಗುತ್ತದೆ. ರಾಮನ್ ಪದ್ಧತಿ ಇನ್ನೂ ಚಿಕ್ಕ ಚುಕ್ಕೆಗಳವರೆಗೆ ಇಳಿಯುತ್ತದೆ. ಕ್ಷ-ಕಿರಣ ಬಿದ್ದಾಗ ಪ್ರತಿಯೊಂದು ಮೂಲಧಾತುವೂ ತನ್ನದೇ ಗುರುತಿನ ಕಿರಣವನ್ನು ಹೊರಚೆಲ್ಲುವುದರಿಂದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ, ಸತು ಎಲ್ಲೆಲ್ಲಿ ಎಷ್ಟೆಷ್ಟೆಂದು ತಿಳಿಯುತ್ತದೆ. ಬಬೂನಿನ ಮಿದುಳಿಗೆ ತಂತಿ ಚುಚ್ಚಿ, ತಂತಿಯ ತುದಿಯಿರುವೆಡೆ ಮಾತ್ರ ಅಳೆದಿದ್ದ ಪೊಟ್ಯಾಸಿಯಮಿನ ಲೆಕ್ಕವನ್ನು ಹೀಗೆ ಇಡೀ ಗಾಯದ ಉದ್ದಗಲಕ್ಕೂ ಹಾಕಬಹುದಾಯಿತು.

ಒಂದು ತೊಡಕು ಮಾತ್ರ ವಿಚಿತ್ರವಾದುದು. ಪ್ರಾಣಿ ಸತ್ತ ಕ್ಷಣದಿಂದ ಅದರ ಇಡೀ ಮಿದುಳಿಗೆ ರಕ್ತ ನಿಲ್ಲುತ್ತದೆ. ಎಂದರೆ ಆರೋಗ್ಯವಾಗಿದ್ದ ಭಾಗಕ್ಕೂ ಪಾರ್ಶ್ವವಾಯುವಿನ ಗತಿಯೇ ಒದಗುತ್ತದೆ. ಕೆಲವೇ ನಿಮಿಷ ತಡವಾದರೂ ಎಲ್ಲೆಡೆ ಲ್ಯಾಕ್ಟಿಕ್ ಆಮ್ಲ ಏರಿ, ಗಾಯ ಯಾವುದು ಅಲ್ಲದ್ದು ಯಾವುದು ಎಂಬ ಭೇದ ಮಸುಕಾಗುತ್ತದೆ. ಆದುದರಿಂದ ದ್ರವ ನೈಟ್ರೋಜನ್ನನ್ನು ಸಿದ್ಧವಾಗಿಟ್ಟುಕೊಂಡು ಮಿದುಳನ್ನು ಕ್ಷಣಗಳ ಲೆಕ್ಕದಲ್ಲಿ ಹೆಪ್ಪುಗಟ್ಟಿಸಬೇಕಾಗುತ್ತದೆ. ಆಸ್ಪತ್ರೆಯ ವೈದ್ಯನನ್ನು ಅಟ್ಟುವ ಗಡಿಯಾರ ಪ್ರಯೋಗಶಾಲೆಯಲ್ಲಿಯೂ ಬೆನ್ನು ಬಿಡುವುದಿಲ್ಲ.

ಈ ಪದ್ಧತಿ ನಾಳೆಯೇ ರೋಗಿಯ ಮಂಚದ ಬಳಿಗೆ ಬಂದೀತೆಂದು ಯಾರೂ ತಿಳಿಯಬಾರದು. ಇಲ್ಲಿ ಬಳಸುವ ಅವಕೆಂಪು ಕಿರಣವನ್ನು ನೀರು ಹೀರಿಬಿಡುತ್ತದೆ. ಬುರುಡೆಯನ್ನು ದಾಟಿ ಅದು ಒಳಹೋಗಲಾರದು. ಇಲಿಯಲ್ಲಿ ಬೆಳಕಿನಿಂದ ಹುಟ್ಟಿಸಿದ ಗಾಯಕ್ಕೆ ಮನುಷ್ಯನಲ್ಲಿರುವಷ್ಟು ಅಗಲವಾದ ಅರೆನೆರಳೂ ಇರುವುದಿಲ್ಲ. ಜೀವಂತ ಮನುಷ್ಯನಲ್ಲಿ ಇದಕ್ಕೆ ಹತ್ತಿರವಾದುದೆಂದರೆ ಎಂ.ಆರ್. ಯಂತ್ರದಿಂದಲೇ ತೆಗೆಯುವ ರೋಹಿತ. ಬುರುಡೆ ತೆರೆಯದೆಯೇ ಅದು ಲ್ಯಾಕ್ಟಿಕ್ ಆಮ್ಲದ ಏರಿಕೆಯನ್ನೂ, ನರಕೋಶ ಬದುಕಿದೆಯೆಂದು ಸೂಚಿಸುವ ಎನ್-ಅಸಿಟೈಲ್ ಆಸ್ಪಾರ್ಟೇಟ್ ಎಂಬ ವಸ್ತುವಿನ ಇಳಿತವನ್ನೂ ತೋರಿಸಬಲ್ಲುದು. ಆದರೆ ಅದರ ಒಂದು ಚುಕ್ಕೆ ಸಾಮಾನ್ಯವಾಗಿ ಕಡಲೆಕಾಳಿನಷ್ಟು ದೊಡ್ಡದು. ಅಷ್ಟರೊಳಗೆ ಲಕ್ಷಾಂತರ ನರಕೋಶಗಳು ಇರುತ್ತವೆ. ಅವುಗಳಲ್ಲಿ ಎಷ್ಟು ಸತ್ತಿವೆ, ಎಷ್ಟು ಬರಿದೆ ಮೌನವಾಗಿವೆ ಎಂಬುದನ್ನು ಬೇರೆ ಬೇರೆಯಾಗಿ ಹೇಳುವ ಶಕ್ತಿ ಸದ್ಯಕ್ಕೆ ಇಲಿಯ ಮಿದುಳಿನ ಆ ತೆಳುಪದರದ ಮೇಲೆ ಬೀಳುವ ಬೆಳಕಿಗೇ ಇದೆ.