ಬೆಲೆ ಕುಸಿದ ಕಾಲದಲ್ಲಿ ಸರ್ಕಾರದ ಆಸರೆ: ರೇಷ್ಮೆ, ಕೆರೆಮೀನು, ಮಾವು

ಆರ್ಥಿಕ ಹಿಂಜರಿತವೆಂದರೆ ದೇಶದ ಉತ್ಪಾದನೆ, ಉದ್ಯೋಗ ಮತ್ತು ಖರೀದಿ ಒಂದರ ಬೆನ್ನಿಗೆ ಒಂದರಂತೆ ಕುಗ್ಗುತ್ತ ಹೋಗುವ ಅವಧಿ. ನಗರದಲ್ಲಿ ಅದು ಕೆಲಸ ಕಳೆದುಕೊಂಡವರ ಸಂಖ್ಯೆಯಲ್ಲಿ ಕಾಣಿಸಿಕೊಂಡರೆ, ಹಳ್ಳಿಯಲ್ಲಿ ಕಾಣಿಸಿಕೊಳ್ಳುವ ಬಗೆಯೇ ಬೇರೆ: ಮಳೆ ಚೆನ್ನಾಗಿ ಆಗಿರುತ್ತದೆ, ಫಸಲು ಕೈಗೆ ಬಂದಿರುತ್ತದೆ, ಕೊಳ್ಳುವವರು ಮಾತ್ರ ಇರುವುದಿಲ್ಲ. ಬರಗಾಲಕ್ಕೂ ಹಿಂಜರಿತಕ್ಕೂ ಇರುವ ಈ ವ್ಯತ್ಯಾಸವನ್ನು ಗಮನಿಸದೆ ಎರಡಕ್ಕೂ ಒಂದೇ ಬಗೆಯ ಪರಿಹಾರ ಹಂಚುವುದರಿಂದಲೇ ಸರ್ಕಾರದ ನೆರವು ಅನೇಕ ಸಲ ಬೇಕಾದ ಹೊತ್ತಿಗೆ, ಬೇಕಾದವರಿಗೆ ಮುಟ್ಟದೆ ಹೋಗುತ್ತದೆ. ಇದನ್ನು ಅರಿಯಲು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಸೀಮೆ ಒಳ್ಳೆಯ ಉದಾಹರಣೆ. ಮೊದಲು ಕನಕಪುರ ತಾಲ್ಲೂಕಿಗೆ ಸೇರಿದ್ದು ಈಗ ಹಾರೋಹಳ್ಳಿ ತಾಲ್ಲೂಕಿನ ಭಾಗವಾಗಿರುವ ಮರಳವಾಡಿ ಹೋಬಳಿಯಂಥ ಕಡೆ ರಾಗಿ ಮನೆಯ ಊಟಕ್ಕಾದರೆ, ಕೈಗೆ ಕಾಸು ಬರುವುದು ಹಿಪ್ಪುನೇರಳೆ ಮತ್ತು ಮಾವಿನಿಂದ. ಈ ಎರಡೂ ದೂರದ ಪೇಟೆಯನ್ನು ನಂಬಿ ನಿಂತ ಬೆಳೆಗಳು.

ರೇಷ್ಮೆಯ ಕಷ್ಟವನ್ನು ತಿಳಿಯಬೇಕಾದರೆ ಗೂಡಿನ ಆಯುಷ್ಯವನ್ನು ತಿಳಿಯಬೇಕು. ಚಾಕಿಯಿಂದ, ಅಂದರೆ ಮರಿಹುಳುವಿನ ಹಂತದಿಂದ, ಮೊದಲುಗೊಂಡು ಪೊರೆ ಕಳಚುವ ನಾಲ್ಕು ಜ್ವರಗಳನ್ನು ದಾಟಿ, ಹಗಲು ರಾತ್ರಿ ಸೊಪ್ಪು ತಿಂದ ಹುಳು ಸುಮಾರು ನಾಲ್ಕು ವಾರಗಳಲ್ಲಿ ಹಣ್ಣಾಗುತ್ತದೆ. ಹಣ್ಣುಹುಳುವನ್ನು ಚಂದ್ರಿಕೆಯೆಂಬ ತಟ್ಟಿಗೆ ಬಿಟ್ಟ ಮೇಲೆ ಎರಡು ಮೂರು ದಿನಗಳಲ್ಲಿ ಅದು ಗೂಡು ಕಟ್ಟಿ ಮುಗಿಸುತ್ತದೆ. ಐದಾರನೆಯ ದಿನ ಮನೆಮಂದಿಯೆಲ್ಲ ಕೂತು ಗೂಡು ಬಿಡಿಸುತ್ತಾರೆ. ಅಲ್ಲಿಂದ ಮುಂದೆ ರೈತನಿಗೆ ಸಿಗುವುದು ಕೆಲವೇ ದಿನ. ತಡವಾದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ಉದ್ದನೆಯ ಎಳೆ ತೆಗೆಯಲಾಗದು. ಆದ್ದರಿಂದ ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ರಾಶಿ ಸುರಿದ ರೈತ, ನೂಲು ತೆಗೆಯುವ ರೀಲರ್ ಒಂದು ಹಿಡಿ ಗೂಡನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ಕೊಡಲೊಪ್ಪುವ ಬೆಲೆಗೆ ಬೇಡವೆಂದು ಹೇಳಿ, ಗೂಡನ್ನು ವಾಪಸು ಹೊತ್ತೊಯ್ದು ತಿಂಗಳು ಕಾಯುವ ಸ್ಥಿತಿಯಲ್ಲಿರುವುದಿಲ್ಲ. ಭತ್ತ, ರಾಗಿಗಳನ್ನು ಕಣಜದಲ್ಲಿ ಇಟ್ಟುಕೊಳ್ಳಬಹುದು, ಗೂಡನ್ನು ಇಡಲಾಗದು.

ಈ ಕಾರಣಕ್ಕಾಗಿಯೇ ರೇಷ್ಮೆಯಲ್ಲಿ ಸರ್ಕಾರದ ಪಾತ್ರ ಉಳಿದ ಬೆಳೆಗಳಿಗಿಂತ ದೊಡ್ಡದಾಗಿದೆ. 1929ರಲ್ಲಿ ಅಮೆರಿಕದಲ್ಲಿ ಆರಂಭವಾದ ಮಹಾ ಕುಸಿತದ ಹೊತ್ತಿಗೆ ಭಾರತದ ಕೃಷಿ ಉತ್ಪನ್ನಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ರೇಷ್ಮೆಗೆ ಅದರ ಮೇಲೆ ಇನ್ನೊಂದು ಪೆಟ್ಟು ಬಿತ್ತು: ಅಮೆರಿಕದಲ್ಲಿ ರೇಷ್ಮೆಯ ಬೇಡಿಕೆ ಕುಗ್ಗಿದಾಗ, 1931ರ ಕೊನೆಯಲ್ಲಿ ತನ್ನ ನಾಣ್ಯದ ಮೌಲ್ಯವನ್ನು ಇಳಿಯಬಿಟ್ಟ ಜಪಾನಿನ ಅಗ್ಗದ ನೂಲು ಭಾರತದ ಪೇಟೆಗಳಿಗೆ ನುಗ್ಗಿತು. ಮೈಸೂರು ಸಂಸ್ಥಾನಕ್ಕೆ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. ಆಗ ಮಿರ್ಜಾ ಇಸ್ಮಾಯಿಲ್ ಅವರು ದಿವಾನರು. ಸಂಸ್ಥಾನಕ್ಕೆ ಆಮದು ಸುಂಕವನ್ನು, ಅಂದರೆ ಹೊರದೇಶದ ಸರಕಿನ ಮೇಲೆ ಬಂದರಿನಲ್ಲಿ ವಿಧಿಸುವ ತೆರಿಗೆಯನ್ನು, ತಾನೇ ಹೇರುವ ಅಧಿಕಾರವಿರಲಿಲ್ಲ. ಅದು ಬ್ರಿಟಿಷ್ ಭಾರತ ಸರ್ಕಾರದ ಕೈಯಲ್ಲಿತ್ತು. ಸುಂಕ ಮಂಡಳಿ 1933ರಲ್ಲಿ ರೇಷ್ಮೆ ಕಸುಬಿನ ವಿಚಾರಣೆ ನಡೆಸಿತು, 1934ರಲ್ಲಿ ರಕ್ಷಣಾ ಸುಂಕ ಜಾರಿಗೆ ಬಂದಿತು.

ಸಂಸ್ಥಾನ ತನ್ನ ಕೈಲಾದ ಬೇರೆ ದಾರಿಗಳನ್ನೂ ಹಿಡಿಯಿತು. ಸಾಲದ ಸುಳಿಗೆ ಸಿಕ್ಕ ರೈತರಿಗಾಗಿ 1928ರಲ್ಲೇ ಕೃಷಿಕರ ಪರಿಹಾರ ಕಾಯಿದೆ ಬಂದಿತ್ತು. ಜಮೀನಿನ ಅಡವಿನ ಮೇಲೆ ದೀರ್ಘಾವಧಿ ಸಾಲ ಕೊಡುವ ಸಹಕಾರಿ ಭೂ ಅಡಮಾನ ಬ್ಯಾಂಕು 1929ರಲ್ಲಿ ಹುಟ್ಟಿತು. ನೆರೆಯ ಮಂಡ್ಯದಲ್ಲಿ ನಾಲೆಯ ನೀರಿನ ಜೊತೆಗೇ ಕಬ್ಬನ್ನು ಕೊಳ್ಳುವ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. 1930ರ ದಶಕದಲ್ಲೇ ಚನ್ನಪಟ್ಟಣದಲ್ಲಿ ಆರಂಭವಾದ ರೇಷ್ಮೆ ಗಿರಣಿಯು ನೂಲು ತೆಗೆಯುವಾಗ ಉಳಿಯುವ ತ್ಯಾಜ್ಯದಿಂದಲೇ ಎಳೆ ನೂತು, ಅಲ್ಲಿಯವರೆಗೆ ಅಗ್ಗಕ್ಕೆ ಹೋಗುತ್ತಿದ್ದ ಪದಾರ್ಥಕ್ಕೆ ಊರಿನಲ್ಲೇ ಗಿರಾಕಿಯನ್ನು ಒದಗಿಸಿತು. ಅದೇ ವರ್ಷಗಳಲ್ಲಿ ಅಮೆರಿಕ ಸರ್ಕಾರ ಬೆಲೆ ಏರಿಸುವುದಕ್ಕಾಗಿ ಬೆಳೆ ಕಡಿಮೆ ಮಾಡಿರೆಂದು ರೈತರಿಗೆ ಹಣ ಕೊಡುತ್ತಿತ್ತು. ಆ ಉಪಾಯಕ್ಕಿಂತ, ಬೆಳೆದದ್ದನ್ನು ಕೊಳ್ಳುವ ಕೈಗಳನ್ನು ಹೆಚ್ಚಿಸಿದ ಮೈಸೂರಿನ ಕ್ರಮ ಬಡ ದೇಶಕ್ಕೆ ಹೆಚ್ಚು ಒಪ್ಪುವಂಥದು ಎಂಬುದರಲ್ಲಿ ಸಂದೇಹವಿಲ್ಲ.

ಸ್ವಾತಂತ್ರ್ಯದ ಅನಂತರ ಈ ಆಸರೆಗೆ ಕಾನೂನಿನ ರೂಪ ಬಂದಿತು. 1959ರ ಕಾಯಿದೆಯ ಆಧಾರದ ಮೇಲೆ ಗೂಡಿನ ಮಾರಾಟವನ್ನು ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ಒಳಪಡಿಸಿ, ಪರವಾನಗಿ ಪಡೆದ ರೀಲರುಗಳೇ ಕೊಳ್ಳುವಂತೆ ಮಾಡಿದ್ದು ಮನೆಬಾಗಿಲಿಗೆ ಬಂದು ಕಡಿಮೆ ಬೆಲೆಗೆ ಗೂಡು ಕೊಳ್ಳುತ್ತಿದ್ದ ದಲ್ಲಾಳಿಗಳ ಹಿಡಿತವನ್ನು ಸಡಿಲಗೊಳಿಸಿತು. 1979ರಲ್ಲಿ ಸ್ಥಾಪನೆಯಾದ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿಯ ಕೆಲಸ ಇನ್ನೊಂದು ತುದಿಯದು: ಪೇಟೆ ಬಿದ್ದಾಗ ರೀಲರುಗಳಿಂದ ಕಚ್ಚಾ ರೇಷ್ಮೆ ಕೊಳ್ಳುವುದು. ರೀಲರನ ನೂಲು ಮಾರಾಟವಾಗದಿದ್ದರೆ ಮರುದಿನ ಗೂಡು ಕೊಳ್ಳಲು ಅವನ ಬಳಿ ಬಂಡವಾಳವಿರುವುದಿಲ್ಲ, ಅವನು ಹರಾಜಿಗೆ ಬಾರದಿದ್ದರೆ ರೈತನ ಗೂಡಿಗೆ ಬೆಲೆಯೇ ಹುಟ್ಟುವುದಿಲ್ಲ. ರೀಲರಿಗೆ ಕೊಟ್ಟ ಆಸರೆ ರೈತನಿಗೂ ಸಲ್ಲುತ್ತದೆ ಎಂಬ ಈ ಸಂಗತಿಯನ್ನು ಪರಿಹಾರದ ಪ್ಯಾಕೇಜುಗಳನ್ನು ಬರೆಯುವವರು ಆಗಾಗ ಮರೆಯುತ್ತಾರೆ.

ಸುಂಕದ ಮಹತ್ವ 2011ರಲ್ಲಿ ಮತ್ತೊಮ್ಮೆ ಕಂಡಿತು. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು, ಚೀನಾದ ನೂಲು ಅಗ್ಗವಾಯಿತು, ಗೂಡಿನ ದರ ಬಿದ್ದಿತು, ರಾಮನಗರದ ಮಾರುಕಟ್ಟೆಯಲ್ಲಿ ರೈತರು ಬೀದಿಗಿಳಿದರು. 2013ರ ಬಜೆಟ್ಟಿನಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರೂ ಆ ಎರಡು ವರ್ಷಗಳಲ್ಲಿ ಕಿತ್ತ ತೋಟಗಳು ತಾವಾಗಿ ಚಿಗುರಲಿಲ್ಲ. ದೆಹಲಿಯಲ್ಲಿ ಒಂದು ಅಂಕಿ ಬದಲಾದರೆ ಮರಳವಾಡಿಯ ಹುಳುಮನೆಯಲ್ಲಿ ಸಾಲ ಹುಟ್ಟುತ್ತದೆ. ರಾಜ್ಯ ಸರ್ಕಾರದ ಯಾವ ಸಹಾಯಧನವೂ ಆ ಅಂಕಿಯಷ್ಟು ಬಲವಾದುದಲ್ಲ.

2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನ್ ಘೋಷಣೆಯಾದಾಗ ಬಂದದ್ದು ಇನ್ನೊಂದು ಜಾತಿಯ ಕುಸಿತ. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನ ಸುಮಾರು ಶೇ. 24ರಷ್ಟು ಕುಗ್ಗಿತೆಂದೂ ಕೃಷಿ ಮಾತ್ರ ಬೆಳೆಯಿತೆಂದೂ ಸರ್ಕಾರದ ಅಂಕಿಅಂಶಗಳು ತಿಳಿಸಿದವು. ಆದರೆ ಬೆಳೆದ ಪ್ರಮಾಣ ಬೇರೆ, ಬೆಳೆದವನ ಕೈಗೆ ಬಂದ ಹಣ ಬೇರೆ. ಮದುವೆಗಳು ನಿಂತವು, ಕಾಂಚೀಪುರ, ಧರ್ಮಾವರಗಳ ಮಗ್ಗಗಳು ನಿಂತವು, ನೂಲು ರೀಲರುಗಳ ಮನೆಯಲ್ಲೇ ಉಳಿಯಿತು, ಗೂಡಿನ ದರ ಹಿಂದಿನದರ ಅರ್ಧದ ಆಸುಪಾಸಿಗೆ ಇಳಿಯಿತು. ಆರಂಭದಲ್ಲಿ ಮುಚ್ಚಿದ್ದ ಗೂಡಿನ ಮಾರುಕಟ್ಟೆಗಳನ್ನು ಸರ್ಕಾರ ಕೆಲವೇ ದಿನಗಳಲ್ಲಿ ಮತ್ತೆ ತೆರೆಸಿದ್ದು ಆ ಕಾಲದ ಎಲ್ಲ ನೆರವುಗಳಿಗಿಂತ ದೊಡ್ಡದು ಎನ್ನಬೇಕು. ಬೆಲೆ ಎಷ್ಟೇ ಕಡಿಮೆಯಿರಲಿ, ಹರಾಜು ನಡೆದರೆ ಗೂಡು ತಿಪ್ಪೆಗೆ ಹೋಗುವುದು ತಪ್ಪುತ್ತದೆ.

ಹಣದ ರೂಪದ ನೆರವೂ ಬಂದಿತು. 2019ರಲ್ಲಿ ಆರಂಭವಾಗಿದ್ದ ಪಿಎಂ-ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯಲ್ಲಿ ಮೊದಲ ಕಂತಿನ 2,000 ರೂಪಾಯಿಯನ್ನು ಏಪ್ರಿಲ್‌ನಲ್ಲೇ ಖಾತೆಗೆ ಹಾಕಲಾಯಿತು. ರಾಜ್ಯ ಸರ್ಕಾರ 2020ರ ಮೇ ತಿಂಗಳಲ್ಲಿ 1,610 ಕೋಟಿ ರೂಪಾಯಿಗಳ ಪ್ಯಾಕೇಜ್ ಪ್ರಕಟಿಸಿ, ಹೂವು ಬೆಳೆಗಾರರಿಗೆ ಒಂದು ಹೆಕ್ಟೇರಿನ ಮಿತಿಗೆ ಒಳಪಟ್ಟು 25,000 ರೂಪಾಯಿ ಕೊಡುವುದಾಗಿ ಹೇಳಿತು. ಕೆಲವು ದಿನಗಳ ಮೇಲೆ ಮುಸುಕಿನ ಜೋಳದ ರೈತರಿಗೆ ತಲಾ 5,000 ರೂಪಾಯಿಯ ನೆರವೂ ಹಣ್ಣು ತರಕಾರಿ ಬೆಳೆದವರಿಗೆ ಪರಿಹಾರವೂ ಸೇರಿಕೊಂಡವು. ಹೂವಿನ ಪರಿಹಾರವನ್ನು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 10,000 ರೂಪಾಯಿ. ಅದು ಸೇವಂತಿಗೆಯ ಸಸಿ, ಗೊಬ್ಬರ, ಕೂಲಿಗೆ ಸುರಿದದ್ದನ್ನು ತುಂಬಿಕೊಡುವ ಮೊತ್ತವಲ್ಲ, ಮುಂದಿನ ಬಿತ್ತನೆಗೆ ಕೈಸಾಲ ಮಾಡುವುದನ್ನು ತಪ್ಪಿಸುವ ಮೊತ್ತ, ಅಷ್ಟಾದರೂ ಆಯಿತೆನ್ನಬಹುದು. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 249ರಿಂದ 275 ರೂಪಾಯಿಗೆ ಏರಿದ್ದು, ಪೇಟೆಯ ಕೆಲಸ ಬಿಟ್ಟು ಊರಿಗೆ ಮರಳಿದವರಿಗೆ ನಿಜವಾಗಿ ಆಸರೆಯಾಯಿತು. ಅದೇ ಯೋಜನೆಯಲ್ಲಿ ಹಿಪ್ಪುನೇರಳೆ ನಾಟಿಗೂ ಅವಕಾಶವಿದ್ದುದರಿಂದ ಕೂಲಿಯ ಹಣ ತೋಟವಾಗಿ ಹೊಲದಲ್ಲೇ ಉಳಿಯುತ್ತಿತ್ತು. ಆಗ ತೋಟ ಉಳಿಸಿಕೊಂಡವರಿಗೆ ಎರಡು ವರ್ಷದೊಳಗೆ ಗೂಡಿನ ದರ ದಾಖಲೆ ಮಟ್ಟಕ್ಕೆ ಏರಿದಾಗ ಫಲ ಸಿಕ್ಕಿತು, ಕಿತ್ತವರಿಗೆ ಸಿಗಲಿಲ್ಲ.

ಇದೇ ಸೀಮೆಯ ಇನ್ನೊಂದು ಕಸುಬು ಮೀನುಗಾರಿಕೆ. ಅದರ ಮಾತು ಬಂದೊಡನೆ ಮಂಗಳೂರು, ಮಲ್ಪೆಗಳು ನೆನಪಾಗುತ್ತವೆ. ಸಮುದ್ರ ಮೀನುಗಾರರಿಗೆ ಡೀಸೆಲ್ ಸಹಾಯಧನವಿದೆ. ದೋಣಿಗಳು ದಡದಲ್ಲಿ ನಿಲ್ಲುವ ತಿಂಗಳುಗಳಿಗಾಗಿ ಉಳಿತಾಯ ಮತ್ತು ಪರಿಹಾರ ಯೋಜನೆಯಿದೆ: ಮೀನುಗಾರ ಕಟ್ಟಿದ ಹಣಕ್ಕೆ ಕೇಂದ್ರ ಮತ್ತು ರಾಜ್ಯಗಳು ತಮ್ಮ ಪಾಲನ್ನೂ ಸೇರಿಸಿ ಹಿಂದಿರುಗಿಸುತ್ತವೆ. ಆದರೆ ಕಣ್ವ, ಮಂಚನಬೆಲೆ, ಹಾರೋಬೆಲೆ ಜಲಾಶಯಗಳಲ್ಲಿ, ಊರೂರ ಕೆರೆಗಳಲ್ಲಿ ಹರಿಗೋಲು, ಬಲೆ ಹಿಡಿದವರೂ ಮೀನುಗಾರರೇ. ದೊಡ್ಡ ನೀರನ್ನು ಮೀನುಗಾರಿಕೆ ಇಲಾಖೆಯೂ ಸಣ್ಣ ಕೆರೆಗಳನ್ನು ಗ್ರಾಮ ಪಂಚಾಯಿತಿಯೂ ಗುತ್ತಿಗೆಗೆ ಕೊಡುತ್ತವೆ. ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲ್, ಗೆಂಡೆಯ ಮರಿಗಳನ್ನು ಬಿಟ್ಟು, ಬೇಸಿಗೆಯಲ್ಲಿ ನೀರು ತಗ್ಗಿದಾಗ ಬಲೆ ಎಳೆಯುತ್ತಾರೆ. 2020ರ ಲಾಕ್‌ಡೌನ್ ಬಂದದ್ದು ಸರಿಯಾಗಿ ಆ ಬೇಸಿಗೆಯಲ್ಲಿ. ಗುತ್ತಿಗೆಯ ಹಣ ಮೊದಲೇ ಕಟ್ಟಿ, ಮರಿ ಬಿಟ್ಟು, ವರ್ಷವಿಡೀ ಕಾದವರಿಗೆ ಮಾರುವ ವಾರಗಳೇ ಇಲ್ಲವಾದವು.

2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಗಾತ್ರ 20,050 ಕೋಟಿ ರೂಪಾಯಿ, ಆಗ ಗೊತ್ತುಮಾಡಿದ ಅವಧಿ ಐದು ವರ್ಷ. ಕೊಳ ತೋಡಲು, ಶೀತಲ ಪೆಟ್ಟಿಗೆಯ ವಾಹನ ಕೊಳ್ಳಲು ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇ. 60ರಷ್ಟು ಸಹಾಯಧನ ಅದರಲ್ಲಿತ್ತು. ಇದು ಒಳ್ಳೆಯ ಬಂಡವಾಳ ಯೋಜನೆ. ಆದರೆ ಉಳಿದ ಭಾಗದ ಹಣ ಹಾಕಬಲ್ಲವರಿಗೆ ಮಾತ್ರ ಎಟುಕುವ ಇದನ್ನು ಹಿಂಜರಿತದ ಪರಿಹಾರವೆಂದು ಲೆಕ್ಕ ಹಾಕುವುದು ಸರಿಯಲ್ಲ. 2021ರ ಎರಡನೆಯ ಅಲೆಯಲ್ಲಿ ರಾಜ್ಯ ಸರ್ಕಾರ ಕಡಲ ಮೀನುಗಾರರ ಜೊತೆಗೆ ಒಳನಾಡಿನ ದೋಣಿಗಾರರಿಗೂ ತಲಾ 3,000 ರೂಪಾಯಿ ಘೋಷಿಸಿದ್ದು ಮೊತ್ತದಲ್ಲಿ ಸಣ್ಣದಾದರೂ, ಅವರೂ ಇದ್ದಾರೆಂದು ಗುರುತಿಸಿದ ಕ್ರಮ. ನೀರಿನ ಗುಣದ ಪ್ರಶ್ನೆ ಇದಕ್ಕೆ ಹೊರತಾಗಿ ನಿಲ್ಲುತ್ತದೆ: ವೃಷಭಾವತಿ ನದಿಯ ಕೊಳಚೆ ಬಂದು ಸೇರುವ ಬೈರಮಂಗಲ ಕೆರೆಯಲ್ಲಿ ಯಾವ ಸಹಾಯಧನವೂ ಮೀನು ಬೆಳೆಸಲಾರದು.

ಬೆಲೆ ಬಿದ್ದಾಗ ಕೊಡುವ ನೆರವಿನ ಇತ್ತೀಚಿನ ಮಾದರಿ ಮಾವಿನದು. 2025ರ ಜೂನ್‌ನಲ್ಲಿ ತೋತಾಪುರಿಯ ದರ ಕುಸಿದು, ಕರ್ನಾಟಕದ ಕಾಯಿಗೆ ಆಂಧ್ರದ ಚಿತ್ತೂರಿನ ತಿರುಳು ಕಾರ್ಖಾನೆಗಳ ಬಾಗಿಲೂ ಮುಚ್ಚಿದಾಗ, ಕೇಂದ್ರ ಸರ್ಕಾರ ರಾಜ್ಯದ 2.5 ಲಕ್ಷ ಟನ್ ಮಾವಿಗೆ ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿ ಬೆಲೆ ವ್ಯತ್ಯಾಸ ಪಾವತಿಗೆ ಒಪ್ಪಿತು. ಈ ಪದ್ಧತಿಯಲ್ಲಿ ಸರ್ಕಾರ ಹಣ್ಣನ್ನು ಕೊಳ್ಳುವುದಿಲ್ಲ. ಗೊತ್ತುಮಾಡಿದ ದರಕ್ಕೂ ಪೇಟೆಯ ದರಕ್ಕೂ ನಡುವಿನ ಅಂತರದಲ್ಲಿ ಒಂದು ಮಿತಿಯವರೆಗೆ, ಇಲ್ಲಿ ಕಿಲೋಗೆ ಸುಮಾರು 4 ರೂಪಾಯಿಯಷ್ಟನ್ನು, ಕೇಂದ್ರ ಮತ್ತು ರಾಜ್ಯಗಳು ಸಮನಾಗಿ ಹೊತ್ತು ರೈತನ ಖಾತೆಗೆ ಹಾಕುತ್ತವೆ. ಕೊಳೆಯುವ ಹಣ್ಣನ್ನು ಗೋದಾಮಿನಲ್ಲಿ ಇಡುವ ತಾಪತ್ರಯವಿಲ್ಲದ್ದರಿಂದ ಇದು ವಿವೇಕದ ದಾರಿಯೇ. ಆದರೆ ರಾಮನಗರದ ಮಾವು ಕೋಲಾರದ್ದಕ್ಕಿಂತ ಮೊದಲೇ ಪೇಟೆಗೆ ಬರುತ್ತದೆ. ಜೂನ್, ಜುಲೈನಲ್ಲಿ ಆಗುವ ತೀರ್ಮಾನ ಇಲ್ಲಿನ ಬಹಳಷ್ಟು ತೋಪುಗಳು ಬರಿದಾದ ಮೇಲಿನ ತೀರ್ಮಾನ.

ಎಲ್ಲಕ್ಕಿಂತ ದೊಡ್ಡ ತೊಡಕು ಕಾಗದಪತ್ರದ್ದು. ರೈತರಿಗೆ ಇಂದು ಸಿಗುವ ನೆರವುಗಳಲ್ಲಿ ಹೆಚ್ಚಿನವು ಪಹಣಿ, ಬೆಳೆ ಸಮೀಕ್ಷೆ ಮತ್ತು ಫ್ರೂಟ್ಸ್ ತಂತ್ರಾಂಶದ ರೈತ ಸಂಖ್ಯೆಯನ್ನು ಹಿಡಿದು ಹೋಗುತ್ತವೆ. ಇದರಿಂದ ಮಧ್ಯವರ್ತಿಯ ಕೈ ತಪ್ಪಿದೆ, ಅದು ದೊಡ್ಡ ಲಾಭ. ಆದರೆ ಪಹಣಿಯಲ್ಲಿರುವ ಹೆಸರು ಭೂಮಿಯ ಒಡೆಯನದು. ಪಾಲಿಗೆ ಹುಳು ಸಾಕುವವರು, ಹೂ ಬಿಡುವ ಮೊದಲೇ ತೋಪಿನ ಫಸಲನ್ನು ಗುತ್ತಿಗೆ ಹಿಡಿದವರು, ಕೆರೆಯಲ್ಲಿ ಕೂಲಿಗೆ ಬಲೆ ಎಳೆಯುವವರು, ರೀಲಿಂಗ್ ಘಟಕದಲ್ಲಿ ಬಿಸಿನೀರಿನಲ್ಲಿ ಕೈ ಅದ್ದಿ ಎಳೆ ಹುಡುಕುವ ಹೆಂಗಸರು ಆ ದಾಖಲೆಯಲ್ಲಿಲ್ಲ. ಬೆಲೆ ಕುಸಿದಾಗ ನಷ್ಟದ ಮೊದಲ ಪಾಲು ಬೀಳುವುದು ಇವರ ಮೇಲೆ. 2023-24ರ ರಾಜ್ಯ ಬಜೆಟ್ಟಿನಲ್ಲಿ ರೈತರ ಬಡ್ಡಿರಹಿತ ಸಾಲದ ಮಿತಿ 3ರಿಂದ 5 ಲಕ್ಷಕ್ಕೂ ಮೀನುಗಾರ ಮಹಿಳೆಯರದು 50,000ದಿಂದ 3 ಲಕ್ಷಕ್ಕೂ ಏರಿತು. ಆದರೆ ಅಡವಿಡಲು ಜಮೀನಿಲ್ಲದವರ ಮಟ್ಟಿಗೆ ಮಿತಿ ಏರಿದ್ದರಿಂದ ಬ್ಯಾಂಕಿನ ಬಾಗಿಲು ತೆರೆದಂತಾಗುವುದಿಲ್ಲ.

ಗೇಣಿದಾರರ, ಒಳನಾಡು ಮೀನುಗಾರರ ಮತ್ತು ರೀಲಿಂಗ್ ಕೂಲಿಗಳ ಪಟ್ಟಿಯನ್ನು ಬೆಲೆ ಕುಸಿದ ವಾರದಲ್ಲಿ ಕೂತು ಬರೆಯಲಾಗದು. ಅದನ್ನು ಪೇಟೆ ಚೆನ್ನಾಗಿರುವ ವರ್ಷಗಳಲ್ಲೇ ಗ್ರಾಮ ಪಂಚಾಯಿತಿಗಳು, ರೇಷ್ಮೆ ಮತ್ತು ಮೀನುಗಾರಿಕೆ ಇಲಾಖೆಗಳು ಸೇರಿ ಸಿದ್ಧಪಡಿಸಿ, ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಪಡೆದಿಡಬೇಕು. ತಮ್ಮ ಊರಿನ ಗ್ರಾಮಸಭೆಯಲ್ಲಿ ಈ ಪಟ್ಟಿಯನ್ನು ಕೇಳುವ ಹಕ್ಕು ಹಳ್ಳಿಯ ಪ್ರತಿಯೊಬ್ಬ ಮತದಾರರಿಗೂ ಇದೆ, ದಯವಿಟ್ಟು ಕೇಳಿರಿ.