ಯಮನ ಕಡತದಲ್ಲಿ ತಪ್ಪು ಹೆಸರು!

"ಅವನು ಸತ್ತು ಬದುಕಿದೋನು ಕಣ್ರೀ!" ಗುಡವಿಯ ಕಟ್ಟೆಯ ಮೇಲಾಗಲಿ, ಸೊರಬದ ಬಸ್ ನಿಲ್ದಾಣದಲ್ಲಾಗಲಿ ಈ ಮಾತು ಕೇಳಿದರೆ ಯಾರೂ ಬೆಚ್ಚಿಬೀಳುವುದಿಲ್ಲ. ಆದರೆ ಇಂಥ ಮಾತನ್ನು ನಕ್ಕು ತಳ್ಳಿಹಾಕದೆ ಕಾಗದಕ್ಕಿಳಿಸಿದ ವಿಜ್ಞಾನಿಯೊಬ್ಬರು ನಮ್ಮ ರಾಜಧಾನಿಯಲ್ಲೇ ದುಡಿದರೆಂಬುದು ಎಷ್ಟು ಜನಕ್ಕೆ ಗೊತ್ತು?

ಅವರೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನಶ್ಶಾಸ್ತ್ರಜ್ಞೆ ಡಾ. ಸತ್ವಂತ್ ಪಸ್ರಿಚಾ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದ ಡಾ. ಇಯಾನ್ ಸ್ಟೀವನ್ಸನ್ ಜೊತೆ ಸೇರಿ ಪುನರ್ಜನ್ಮದ ಕಥೆ ಹೇಳುವ ಮಕ್ಕಳನ್ನೂ, ಸಾವಿನ ಬಾಗಿಲು ಮುಟ್ಟಿ ಬಂದವರನ್ನೂ ಅವರು ಹುಡುಕಿಕೊಂಡು ಹೋದರು. 1986ರಲ್ಲಿ ಇಬ್ಬರೂ ಭಾರತದ 16 ಪ್ರಕರಣಗಳನ್ನು ಪ್ರಕಟಿಸಿದರು. 1993ರಲ್ಲಿ ಪಸ್ರಿಚಾ ದಕ್ಷಿಣ ಭಾರತದ ಸಮೀಕ್ಷೆಯನ್ನೂ ಹೊರತಂದರು.

ಆ 16 ಪ್ರಕರಣಗಳಲ್ಲಿ ಸ್ವಾರಸ್ಯವೊಂದಿದೆ. ಯಮದೂತರು ಎಳೆದೊಯ್ದರು, ಅಲ್ಲಿ ಕಡತ ತೆಗೆದು ನೋಡಿದರು, "ಇವನಲ್ಲ, ಬೇರೆಯವನನ್ನು ತರಬೇಕಿತ್ತು" ಅಂತ ವಾಪಸ್ ಕಳಿಸಿದರು! ಅಮೆರಿಕದವರ ಅನುಭವದಲ್ಲಿ ಈ ಗುಮಾಸ್ತಗಿರಿಯ ಎಡವಟ್ಟು ಕಾಣುವುದಿಲ್ಲ. ಅಲ್ಲಿ ತೀರಿಕೊಂಡ ಬಂಧುಗಳು ಎದುರಾಗಿ, "ನಿನ್ನ ಕಾಲ ಇನ್ನೂ ಬಂದಿಲ್ಲ" ಎನ್ನುತ್ತಾರೆ. ಪರಲೋಕ ಒಂದೇ ಆದರೆ ಊರಿಗೊಂದು ದಾರಿ ಹೇಗಾಯಿತು? ಅವರವರು ಕೇಳಿ ಬೆಳೆದ ಕಥೆಯನ್ನೇ ಬಳಲಿದ ಮಿದುಳು ಕಟ್ಟಿಕೊಡುತ್ತದೆ ಎನ್ನುವುದು ವಿಮರ್ಶಕರ ವಾದ. ಸ್ಟೀವನ್ಸನ್ ಕೂಡ 1966ರ ತಮ್ಮ ಪುಸ್ತಕದಲ್ಲಿ ಪುನರ್ಜನ್ಮವನ್ನು 'ಸೂಚಿಸುವ' ಪ್ರಕರಣಗಳು ಎಂದರೇ ಹೊರತು 'ಸಾಬೀತು' ಎನ್ನಲಿಲ್ಲ.

ಹಾಗಂತ ಕಣ್ಣಿಗೆ ಕಾಣದ್ದೆಲ್ಲ ಸುಳ್ಳೇ? ಈ ಪ್ರಶ್ನೆಗೆ ಸೊರಬ ತಾಲ್ಲೂಕೇ ಉತ್ತರ ಕೊಟ್ಟಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಬಿದ್ದು ಸತ್ತವು, ಜನರಿಗೆ ಜ್ವರ ಏರಿತು. ಕಾರಣ ಯಾರ ಕಣ್ಣಿಗೂ ಕಾಣಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗದಿಂದಲೇ ವೈರಸ್ ಪ್ರತ್ಯೇಕಿಸಿದರು. ಅದನ್ನು ಹೊತ್ತು ತಿರುಗುವುದು ಉಣುಗು ಎಂದು ಗೊತ್ತಾಯಿತು. ಕಾಣದ ವಸ್ತುವೇ, ಆದರೆ ಯಾರು ಪರೀಕ್ಷಿಸಿದರೂ ಸಿಕ್ಕಿತು. ಸತ್ತು ಬದುಕಿದವರ ವಿಷಯದಲ್ಲಿ ಕೈಗೆ ಸಿಕ್ಕಿರುವುದು ಹೆಚ್ಚಾಗಿ ಬಾಯಿಮಾತು.

ಆ ಬಾಯಿಮಾತನ್ನೂ ಹಗುರವಾಗಿ ಕಾಣಬೇಕಿಲ್ಲ. ನಾಗರ ಅಥವಾ ಕಟ್ಟುಹಾವಿನ ವಿಷ ಏರಿದವನಿಗೆ ರೆಪ್ಪೆ ಎತ್ತಲಾಗದು, ಕೈಕಾಲು ಅಲ್ಲಾಡದು, ಉಸಿರು ಕ್ಷೀಣಿಸುತ್ತದೆ. ಆದರೂ ಸುತ್ತಲಿನವರ ಮಾತು ಅವನಿಗೆ ಕೇಳಿಸುತ್ತಿರಬಹುದು. ಕೃತಕ ಉಸಿರು, ವಿಷಮದ್ದು ಸಿಕ್ಕಿದರೆ ಅಂಥವರು ಎದ್ದು ಕೂತದ್ದುಂಟು. ಗದ್ದೆ-ತೋಟಗಳ ನಮ್ಮ ಸೀಮೆಯಲ್ಲಿ "ಹೋಗಿಬಿಟ್ಟ" ಎಂದು ಮನೆಯವರೇ ತೀರ್ಮಾನ ಮಾಡುವುದು ಬೇಡ. ಮಂತ್ರ ಹಾಕಿಸುತ್ತಾ ಹೊತ್ತು ಕಳೆಯುವುದಂತೂ ಬೇಡವೇ ಬೇಡ. ಮೊದಲು ಆಸ್ಪತ್ರೆಗೆ ಗಾಡಿ ಕಟ್ಟಿ.

ಯಮನ ಗುಮಾಸ್ತ ತಪ್ಪು ಮಾಡಿದರೆ ತಿದ್ದಿಕೊಂಡಾನು. ನಾವು ಮಾಡಿದರೆ ತಿದ್ದುವವರಿಲ್ಲ.